ಎಲೆ ಕತ್ತರಿಸಿದ ಫೋಟೋ

ನನ್ನ ತಮ್ಮ ಈಗ ಹಕ್ಕಿ ಫೋಟೋ ತೆಗೆಯಲು ಹೋಗುವಾಗ ಕುತ್ತಿಗೆಗೊಂದು ಕ್ಯಾಮೆರಾ, ಅದಕ್ಕೊಂದು ಹಳೇ ಲೆನ್ಸ್, ಅಷ್ಟೇ. ಎಲೆ ಅಡ್ಡ ಬಂದರೆ ಎಲೆಯ ಫೋಟೋ ತೆಗೆದುಕೊಂಡು ಬರುತ್ತಾನೆ. 'ಏನಪ್ಪಾ, ಸನ್ಯಾಸ ತಗೊಂಡ್ಯಾ' ಎಂದು ಬೀದಿಯವರು ಕಿಚಾಯಿಸಿದರೆ ಹಲ್ಲು ಕಿರಿದು ಸುಮ್ಮನಾಗುತ್ತಾನೆ. ನನಗೆ ಸುಮ್ಮನಿರಲು ಬರುವುದಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಪ್ಪತ್ತೆರಡು ವರ್ಷದಿಂದ ಅವನದು ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋ. 'ಗಲ್ಲ ಮೇಲೆ, ಕಿವಿ ಕಾಣಲಿ, ನಗಬೇಡಿ' ಎಂದು ಹೇಳಿ ಹೇಳಿ ಅವನ ಮುಖವೂ ಹಾಗೇ ಆಗಿದೆ. ಯಾರ ಕೂದಲು ಹಣೆಗೆ ಬಿದ್ದರೂ ಕೈ ಹಾಕಿ ಸರಿಸುವ ಚಟ ಬೇರೆ. ರಜೆ ದಿನ ಮಾತ್ರ ಹಕ್ಕಿ. ಅಷ್ಟಕ್ಕೇ ಇದ್ದಿದ್ದರೆ ಚೆನ್ನಾಗಿತ್ತು. ಫೋಟೋ ಸಂಘಕ್ಕೆ ಸೇರಿ ತಲೆ ಕೆಡಿಸಿಕೊಂಡ. ನಾಲ್ಕು ಲೆನ್ಸ್, ಎರಡು ಫ್ಲ್ಯಾಶ್, ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿ, ಎಲ್ಲ ಸೇರಿ ಹತ್ತು ಕಿಲೋ ಚೀಲ. ಹಕ್ಕಿ ಹಾರಿಹೋದ ಮೇಲೂ ಇವನು ಜಿಪ್ ಎಳೆಯುತ್ತಲೇ ಇರುತ್ತಿದ್ದ.

ನಾನು ದರ್ಜಿ. ನನ್ನ ಹೊಲಿಗೆ ಮಿಷನ್ ಪಕ್ಕದ ಕಿಟಕಿಯಾಚೆ, ಗೋಡೆಗೆ ತಾಗಿದ ಪೊದೆಯಲ್ಲಿ ಒಂದು ಕಂದು ಹಕ್ಕಿ ಗೂಡು ಕಟ್ಟಿತ್ತು. ಎರಡು ಮರಿ, ಇನ್ನೂ ರೆಕ್ಕೆ ಬಲಿತಿರಲಿಲ್ಲ. ತಾಯಿ ಬೆದರದಿರಲೆಂದು ನಾನು ಮಿಷನ್ನನ್ನೂ ಮೆಲ್ಲಗೆ ತುಳಿಯುತ್ತಿದ್ದೆ. ತಮ್ಮನಿಗೆ ಹೇಳಿದ್ದೇ ನನ್ನ ತಪ್ಪು.

ಬಂದವನೇ ಮುಕ್ಕಾಲಿ ಹೂಡಿದ. 'ಅಕ್ಕ, ನೂಲು ಕತ್ತರಿ ಕೊಡು' ಎಂದ. ಕೊಟ್ಟೆ. ಯಾಕೆಂದು ಕೇಳಲಿಲ್ಲ, ಮಂಕು ಬಡಿದಿತ್ತು ನನಗೆ. ಅಳತೆ ಕೊಡಲು ಬಂದವರನ್ನು ಕಳಿಸಿ ಕಿಟಕಿಗೆ ಬರುವಷ್ಟರಲ್ಲಿ ಗೂಡಿನ ಮುಂದಿದ್ದ ಎಲೆಗಳೆಲ್ಲ ನೆಲದ ಮೇಲಿದ್ದವು.

'ಏನೋ ಮಾಡ್ದೆ?'

'ಮುಖ ಕಾಣ್ತಿರ್ಲಿಲ್ಲ ಅಕ್ಕ. ಸ್ವಲ್ಪ ಸರಿ ಮಾಡ್ದೆ.'

'ಸರಿ ಮಾಡೋಕೆ ಅದೇನು ನಿನ್ನ ಗಿರಾಕೀನಾ?'

ಅವನು ಕ್ಲಿಕ್ಕಿಸಿಕೊಂಡು ಹೋದ. ಮಧ್ಯಾಹ್ನ ಬಿಸಿಲು ನೇರ ಗೂಡಿಗೇ ಬಿತ್ತು. ನಾನು ಬಟ್ಟೆ ಅಡ್ಡ ಕಟ್ಟಿದೆ. ಅದಕ್ಕೆ ಹೆದರಿ ತಾಯಿ ಹತ್ತಿರ ಬರಲಿಲ್ಲ. ಕಟ್ಟಿದ್ದನ್ನು ಬಿಚ್ಚಿದೆ, ಕಣ್ಣೆದುರಿಗೇ ಕಾಗೆ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಇನ್ನೊಂದು ಸಂಜೆಯೊಳಗೆ ಗೋಣು ಚೆಲ್ಲಿತು. ಆವತ್ತು ನಾನು ಅನ್ನ ಉಣ್ಣಲಿಲ್ಲ.

ಆ ಫೋಟೋಗೆ ಸಂಘದ ಮೊದಲ ಬಹುಮಾನ ಬಂತು. ಬಹುಮಾನದ ಸಮಾರಂಭಕ್ಕೆ ಕರೆಯಲು ಬಂದ ತಮ್ಮನಿಗೆ ಖಡಾಖಂಡಿತವಾಗಿ ಹೇಳಿದೆ: 'ಏನು ಮಾಡ್ದೆ ಅನ್ನೋದನ್ನ ಅಲ್ಲೇ, ಎಲ್ಲರ ಮುಂದೆ ಹೇಳು. ಹೇಳ್ದೆ ಹೋದ್ರೆ ನನ್ನ ಹೊಸ್ತಿಲು ತುಳೀಬೇಡ.' ಒಡಹುಟ್ಟಿದವರು ನಾವಿಬ್ಬರೇ. ಆದರೂ ಹೇಳಿದೆ. ಹೇಳುತ್ತಾನೋ ಇಲ್ಲವೋ ನೋಡಲು ನಾನೂ ಹೋದೆ.

ಹೇಳಿದ, ಪಾಪ. ಗೋಡೆಯಷ್ಟು ದೊಡ್ಡದಾಗಿ ತೂಗುಹಾಕಿದ್ದ ಚಿತ್ರದ ಪಕ್ಕ ನಿಂತು, ಮೈಕ್ ಹಿಡಿದು ಹೇಳಿದ. 'ಮರಿ ಕಾಣ್ಲಿ ಅಂತ ನಾನೇ ಎಲೆ ಕತ್ತರಿಸ್ದೆ. ಎರಡೂ ಅವತ್ತೇ ಸತ್ತವು. ಈ ಬಹುಮಾನ ನಂಗೆ ಬೇಡ.'

ಈಗಲಾದರೂ ಸಭೆಯವರು ತಲೆ ತಗ್ಗಿಸುತ್ತಾರೆ ಎಂದುಕೊಂಡೆ. ಮುಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದರು.

'ಅದಿರ್ಲಿ ಸರ್, ಯಾವ ಲೆನ್ಸು?'

ನನ್ನ ತಮ್ಮ ಅಭ್ಯಾಸಬಲದಿಂದ ಹೇಳಿಯೇಬಿಟ್ಟ. ಹೇಳಿದ ಮೇಲೆ ತಾನೇ ಬಾಯಿಗೆ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ನನ್ನ ಅಕ್ಕಪಕ್ಕದವರೆಲ್ಲ ಅದನ್ನು ಬರೆದುಕೊಂಡಾಗಿತ್ತು.