ಕೆರೆಯಿಂದ ಎತ್ತಿದ ಕಲ್ಲು

೧೯೯೧ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಅರ್ಧಕ್ಕೆ ನಿಂತಿತು. ಅಪ್ಪನಿಗೆ ನಡು ಹಿಡಿದು ಬಗ್ಗಲು ಬಾರದಂತಾಗಿತ್ತು. ಕೆರೆಯಲ್ಲಿದ್ದ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಲ್ಲಲು ಮನೆಯಲ್ಲಿ ಬೇರೆ ಗಂಡಾಳು ಇರಲಿಲ್ಲ. ಯಾರೂ ನನ್ನನ್ನು ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದು ಬಿಟ್ಟವನ ಮಾತು ಎಂದರೆ ಜನ ಅಯ್ಯೋ ಅನ್ನಲು ತಯಾರಾಗಿ ಕೂಡುತ್ತಾರೆ. ನನಗೆ ಅಯ್ಯೋ ಬೇಡ. ಶಹಾಪುರ, ಸುರಪುರದ ಎಷ್ಟೋ ಮದುವೆಗಳಲ್ಲಿ ಮದುಮಗ ಉಟ್ಟ ಧೋತರ ನನ್ನ ಕೈಯಲ್ಲಿ ಬೆಳ್ಳಗಾದದ್ದು.

ನಾವು ಬಟ್ಟೆ ಒಗೆಯುವ ಮಂದಿ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ನಮ್ಮೂರು, ಊರ ಬೆನ್ನಿಗೆ ದೊಡ್ಡ ಕೆರೆ. ದಂಡೆಯ ನೀರಿನಲ್ಲಿ ನಮ್ಮ ಓಣಿಯ ಪ್ರತಿ ಮನೆಗೂ ಒಂದೊಂದು ಒಗೆಯುವ ಕಲ್ಲು. ನಮ್ಮದು ಮುತ್ಯಾ, ಅಂದರೆ ಅಪ್ಪನ ಅಪ್ಪ, ತಂದು ಹಾಕಿದ್ದು. ಮೊಣಕಾಲು ಮಟ್ಟದ ನೀರು, ಮೂಡಣಕ್ಕೆ ಮುಖ, ಕೆರೆಯ ಕಡೆಗೆ ಇಳಿಜಾರು. ಹೊತ್ತು ಹುಟ್ಟುವಾಗ ಮೊದಲ ಬಿಸಿಲು ಕಲ್ಲಿನ ಮೇಲೆ ಬೀಳುತ್ತಿತ್ತು, ಆಮೇಲೆ ನಮ್ಮ ಎದೆಯ ಮೇಲೆ. ಚೌಳು ಮಣ್ಣು ಹಾಕಿ ಉಬ್ಬೆಯ ಹಂಡೆಯಲ್ಲಿ ಬೇಯಿಸಿದ ಬಟ್ಟೆಯ ಬಿಸಿ ಒಂದು ಕಡೆ, ಕಾಲಿಗೆ ಕೆರೆಯ ತಣ್ಣನೆ ಒಂದು ಕಡೆ. ನೀರಡಿಸಿದರೆ ಕಲ್ಲು ಬಿಟ್ಟು ಒಳಕ್ಕೆ, ತಿಳಿ ಇದ್ದಲ್ಲಿಗೆ ಹೋಗಿ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದೆವು. ಆ ನೀರಿಗೆ ಮೊದಲು ಪಾಚಿಯ ವಾಸನೆ, ನುಂಗಿದ ಮೇಲೆ ಸಿಹಿ. ಈಗಲೂ ಬೋರಿನ ನೀರು ಬಾಯಿಗೆ ಬಿದ್ದಾಗ ನನ್ನ ನಾಲಿಗೆ ಆ ಸಿಹಿಗೆ ಕಾಯುತ್ತದೆ. ಬರುವುದಿಲ್ಲ.

ಯಾದಗಿರಿ ಜಿಲ್ಲೆಯಾದ ಹೊಸದರಲ್ಲಿ, ಕೆರೆಗೆ ನೀರು ತರುವ ಹಳ್ಳದ ಮೇಲ್ಗಡೆ ಒಂದು ಫ್ಯಾಕ್ಟರಿ ಬಂತು. ಔಷಧಕ್ಕೆ ಬೇಕಾಗುವ ಪುಡಿ ಮಾಡುತ್ತಾರೆ ಎಂದರು. ಊರಿನ ಕೆಲವರಿಗೆ ಕೆಲಸವೂ ಸಿಕ್ಕಿತು, ನಾವೂ ಖುಷಿಪಟ್ಟೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಳ್ಳದ ನೊರೆ ಕೆಂಪಾಯಿತು. ನೀರು ಕೆಟ್ಟದ್ದನ್ನು ಮೊದಲು ಹೇಳಿದ್ದು ಮೀನಲ್ಲ, ಧೋತರ. ಶಹಾಪುರದ ಕಿರಾಣಿ ಸಾವ್ಕಾರರ ಮನೆಗೆ ಬಟ್ಟೆ ಕೊಡಲು ಹೋದಾಗ ಅವರ ಹೆಂಡತಿ ಒಂದು ಧೋತರ ಬಿಚ್ಚಿ ಬಿಸಿಲಿಗೆ ಹಿಡಿದರು.

“ಯಾಕೋ, ಅರಿಷಿಣದಾಗ ಅದ್ದಿಕೊಂಡು ಬಂದೀಯೇನು? ನಮ್ಮ ಮನಿಯವ್ರು ಇನ್ನೊಂದ್ ಮದುವಿಗಿ ನಿಂತಿಲ್ಲೋ!”

ಒಳಗಿದ್ದ ಹೆಣ್ಣುಮಕ್ಕಳೆಲ್ಲ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಬಸ್ಸಿನಲ್ಲಿ ಬರುವಾಗ ಕಿವಿ ಬಿಸಿಯಾಗಿತ್ತು. ಆ ಧೋತರವನ್ನು ಮತ್ತೆ ಒಗೆದೆ, ಮತ್ತೆ ಉಬ್ಬೆಗೆ ಹಾಕಿದೆ. ಹಳದಿ ಇನ್ನೂ ಗಟ್ಟಿಯಾಯಿತು.

ಆಮೇಲೆ ಮೀನು ತೇಲಿದವು. ಎಮ್ಮೆಗಳು ನೀರಿಗೆ ಮೂತಿ ಇಟ್ಟು ತಿರುಗಿ ಬಂದವು. ನಮ್ಮ ಮಂದಿಯ ಕಾಲು ತುರಿಸಿ ಸಿಪ್ಪೆ ಎದ್ದಿತು. ಸುತ್ತಲಿನ ಹಳ್ಳಿಯವರೆಲ್ಲ ಸೇರಿ ಕೆರೆ ಏರಿಯ ಮೇಲೆ ಶಾಮಿಯಾನ ಹಾಕಿ ಕೂತೆವು. ಒಂದೊಂದು ದಿನ ಒಂದೊಂದು ಓಣಿಯಿಂದ ರೊಟ್ಟಿ, ಪುಂಡಿಪಲ್ಯ ಬರುತ್ತಿತ್ತು. ಟ್ರ್ಯಾಕ್ಟರ್ ಹತ್ತಿ ಯಾದಗಿರಿಗೆ ಹೋಗಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಗಂಟಲು ಹರಿಯುವಂತೆ ಕೂಗಿದೆವು. ನಮ್ಮ ಮುಂದಾಳು ನಿವೃತ್ತ ಮಾಸ್ತರರು, ನಾನು ಬಿಟ್ಟು ಬಂದ ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದವರು.

ಕೊನೆಗೆ ಕಚೇರಿಯಿಂದ ಸಾಹೇಬರೊಬ್ಬರು ಕೆರೆ ನೋಡಲು ಬಂದರು. ಜೊತೆಗೆ ಫ್ಯಾಕ್ಟರಿಯವರೂ ಬಂದರು. ಅವರು ಹಳ್ಳದ ಕಡೆ ನೋಡಲೇ ಇಲ್ಲ, ನಮ್ಮ ಕಲ್ಲುಗಳ ಕಡೆ ಬೆರಳು ಮಾಡಿದರು.

“ಇಷ್ಟು ಜನ ದಿನಾ ಸೋಡಾ, ಸಾಬೂನು ಕಲಸ್ತಾರೆ ಸಾರ್. ಹೊಲಸು ಇವರದು, ಹೆಸರು ನಮ್ಮದು.”

ಸಾಹೇಬರು ಬರೆದುಕೊಂಡು ಹೋದರು.

ಮರುದಿನ ಸಂಜೆ ಮಾಸ್ತರರು ನಮ್ಮ ಮನೆಗೆ ಬಂದರು. ಚಹಾ ಕುಡಿದರು, ಮಳೆಯ ಮಾತಾಡಿದರು, ಬಸಿಯಲ್ಲಿ ಉಳಿದ ಚಹಾವನ್ನೂ ಕುಡಿದರು. ಕಡೆಗೆ ಅಂದರು: “ತಮ್ಮಾ, ನಿಮ್ಮ ಕಲ್ಲು ನೀರಾಗ ಇರೂತನ ಅವರ ಬಾಯಿ ಮುಚ್ಚಂಗಿಲ್ಲ. ಸ್ವಲ್ಪ ದಿನ ಎತ್ತಿ ಇಡ್ರಿ. ನೀರು ತಿಳಿ ಆದ ಮ್ಯಾಲ ತಿರುಗಿ ಇಡೂಣು.”

ನಾನು ಬಾಯಿ ತೆರೆಯುವ ಮೊದಲು ಒಳಗಿನಿಂದ ಅವ್ವ ಬಂದಳು.

“ಮಾಸ್ತರ್ರೇ, ನಮ್ಮ ಚೌಳಿನಿಂದ ಮೀನ ಸಾಯಂಗಿದ್ರ ನಾ ಎಂದೋ ಸಾಯಬೇಕಿತ್ತು. ಹುಟ್ಟಿದಾಗಿಂದ ಅದರಾಗ ನಿಂತೀನಿ.”

“ಖರೇ ಅದ ಯವ್ವಾ. ನನಗ ಗೊತ್ತದ. ಸಾಹೇಬ್ರಿಗಿ ಗೊತ್ತಾಗಬೇಕಲ್ಲ.”

ಓಣಿಯವರು ಕೂಡಿ ಕಲ್ಲು ಎತ್ತಲು ಒಪ್ಪಿದೆವು. ಅವ್ವ ಎರಡು ದಿನ ಕೆರೆಯ ಕಡೆ ಹೋಗಲಿಲ್ಲ. ಮೂರನೆಯ ದಿನ ಮುಂಜಾನೆ ತಾನೇ ವಿಭೂತಿ, ಅರಿಷಿಣ, ಕುಂಕುಮ ತಗೊಂಡು ಕೆರೆಗೆ ನಡೆದಳು. ಕಲ್ಲಿಗೆ ಹಚ್ಚಿ, ಕಾಯಿ ಒಡೆದು, “ಎತ್ರಿ” ಅಂದಳು, ಅಷ್ಟೇ. ಓಣಿಯ ಗಂಡಸರು ಕಬ್ಬಿಣದ ಹಾರಿ ಹಾಕಿ ಮೀಟಿದೆವು, ಹಗ್ಗ ಕಟ್ಟಿ ಟ್ರ್ಯಾಕ್ಟರಿಗೆ ಏರಿಸಿದೆವು. ಕಲ್ಲಿನ ಅಡಿಭಾಗವನ್ನು ನಾನು ಆವತ್ತೇ ಮೊದಲು ನೋಡಿದ್ದು. ಮೇಲೆ ಕನ್ನಡಿಯಂಥ ನುಣುಪು, ಕೆಳಗೆ ಮುತ್ಯಾ ತಂದ ದಿನದ ಒರಟು ಹಾಗೆಯೇ ಇತ್ತು. ಕಲ್ಲು ಇದ್ದ ತಗ್ಗಿನಲ್ಲಿ ಕೆಸರು ತಿರುಗಿತು, ನಿಂತಿತು.

ಕಲ್ಲನ್ನು ಅಂಗಳಕ್ಕೆ ತಂದು, ಕೆರೆಯಲ್ಲಿ ಹೇಗಿತ್ತೋ ಹಾಗೆಯೇ ಮೂಡಣಕ್ಕೆ ಮುಖ ಮಾಡಿ ಕೂರಿಸಿದೆವು. ಬೋರಿನ ನೀರು ಹಿಡಿದು ಮೊದಲ ಬಟ್ಟೆ ಬಡಿದೆ. ನೀರು ಇಳಿಜಾರಿಗೆ, ಮೂಡಣಕ್ಕಿದ್ದ ಮನೆಯ ಕಡೆಗೇ ಹರಿದು, ಹೊಸ್ತಿಲು ದಾಟಿ, ನೆಟ್ಟಗೆ ಅಡುಗೆಮನೆಗೆ ನುಗ್ಗಿತು.

ಒಳಗಿನಿಂದ ಹೆಂಡತಿ ಕೂಗಿದಳು: “ಏನ್ರೀ, ನಾ ರೊಟ್ಟಿ ಬಡೀಲ್ಯೋ, ಮೀನ ಹಿಡೀಲ್ಯೋ?”

ಎರಡು ದಿನದಿಂದ ಮುಖ ಗಂಟು ಹಾಕಿಕೊಂಡಿದ್ದ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಓಣಿಯಲ್ಲಿ ವಿಚಾರಿಸಿದರೆ ಪಕ್ಕದ ಮನೆಯಲ್ಲೂ ಅದೇ, ಮೂಲೆ ಮನೆಯಲ್ಲೂ ಅದೇ. ಒಬ್ಬರ ದೇವರ ಕೋಣೆಗೇ ನೀರು ಹೊಕ್ಕಿತ್ತು. ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಓಣಿಯಲ್ಲಿ ತಲೆತಲಾಂತರದಿಂದ ಯಾರೂ ಕೇಳಿದ್ದೇ ಇಲ್ಲ. ಕೆರೆ ತಗೊಳ್ಳುತ್ತಿತ್ತು.

ಕಲ್ಲನ್ನು ತಿರುಗಿಸಲು ನಾನು ಮತ್ತೆ ಹಾರಿ ತಂದೆ. ಅವ್ವ ಅಡ್ಡ ನಿಂತಳು. “ಕಲ್ಲು ತಿರುವಬ್ಯಾಡ. ಗಟಾರ ತಿರುವು.”

ಹೊಸ್ತಿಲ ಮುಂದೆ ಅಡ್ಡ ಗಟಾರ ತೋಡಿ, ಮನೆ ಸುತ್ತಿಸಿ ಹಿತ್ತಲಿಗೆ ಬಿಟ್ಟೆ.

ಸಾಹೇಬರು ಮತ್ತೆ ಬಂದಾಗ ದಂಡೆಯಲ್ಲಿ ಬರೀ ತಗ್ಗುಗಳಿದ್ದವು, ಹಳ್ಳದಲ್ಲಿ ಕೆಂಪು ನೊರೆ ಇತ್ತು. ಬೆರಳು ಮಾಡಲು ಬೇರೆ ಏನೂ ಉಳಿದಿರಲಿಲ್ಲ. ಹಳ್ಳದ ನೀರನ್ನು ಬಾಟಲಿಗೆ ತುಂಬಿಕೊಂಡು ಹೋದರು. ಅಲ್ಲಿಗೂ ಮುಗಿಯಲಿಲ್ಲ, ಮತ್ತೆ ಕೂತೆವು, ಮತ್ತೆ ಯಾದಗಿರಿಗೆ ಹೋದೆವು. ಕಡೆಗೆ ಹಳ್ಳಕ್ಕೆ ಹೊಲಸು ಬಿಡುತ್ತಿದ್ದ ಫ್ಯಾಕ್ಟರಿಯ ಪೈಪಿನ ಬಾಯಿಗೆ ಸಿಮೆಂಟು ಬಿತ್ತು. ಮಳೆಗಾಲಗಳು ಬಂದು ಹೋದವು. ಕೆರೆಗೆ ಬೆಳ್ಳಕ್ಕಿ ಮರಳಿದವು, ಎಮ್ಮೆಗಳು ಮುಳುಗಿ ಕೂತವು. ಹಳ್ಳಿಗಳಿಗೆ ಕುಡಿಯಲು ಅದೇ ನೀರನ್ನು ಶುದ್ಧ ಮಾಡಿ ಬಿಡುವ ಟಾಕಿ ಎದ್ದಿತು. ದಂಡೆಯ ಮೇಲೆ ಒಂದು ಫಲಕವೂ ಎದ್ದಿತು: ಇಲ್ಲಿ ಬಟ್ಟೆ ಒಗೆಯಬಾರದು.

ಮಾಸ್ತರರು ಅದನ್ನು ಹೇಳಲೆಂದೇ ಬಂದರು. ಈ ಸಲ ಚಹಾ ಮುಟ್ಟಲಿಲ್ಲ. “ತಮ್ಮಾ, ನಾ ಮಾತು ಕೊಟ್ಟಿದ್ದೆ...”

“ಇರಲಿ ಬಿಡ್ರಿ ಸರ್ರೇ. ನಮ್ಮ ಮನಿಗೂ ಅದೇ ನೀರು ಬರ್ತದಲ್ಲ,” ಅಂದೆ. ಅದು ಸುಳ್ಳಲ್ಲ. ಆದರೆ ಅವರು ಹೋದ ಮೇಲೆ ಬಹಳ ಹೊತ್ತು ಅಂಗಳದ ಕಲ್ಲಿನ ಮೇಲೆ ಕೂತಿದ್ದೆ. ಕಾಲ ಕೆಳಗೆ ಒಣ ನೆಲ. ನನ್ನ ಕಾಲಿಗೆ ಅದು ಇನ್ನೂ ರೂಢಿಯಾಗಿಲ್ಲ.

ಹೋದ ವಾರ ಅವ್ವ ಅಂದಳು, “ಮಗಾ, ಒಂದ್ ಚೆಂಬು ತಂದು ಕೊಡು. ನಳದ್ದು ಬ್ಯಾಡ, ಕೆರಿದು.” ಮುಂಜಾನೆ ಹೋಗಿ, ನಮ್ಮ ತಗ್ಗು ದಾಟಿ ತಿಳಿ ಇದ್ದಲ್ಲಿ ಮುಳುಗಿಸಿ ತಂದೆ. ಅವ್ವ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು.

“ಹೆಂಗದ ಯವ್ವಾ?”

“ಸಿಹಿ ಬರಾಕತ್ತದ,” ಅಂದಳು. ಉಳಿದದ್ದನ್ನು ಕಲ್ಲಿನ ಮೇಲೆ ಸುರಿದಳು. ನೀರು ಮೂಡಣಕ್ಕೆ ಇಳಿದು, ಹೊಸ್ತಿಲ ಮುಂದೆ ತಿರುಗಿ, ಹಿತ್ತಲಿಗೆ ಹೋಯಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಸುರಪುರದಲ್ಲಿ ಒಂದು ಇಸ್ತ್ರಿ ಅಂಗಡಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎರಡು, ಕರೆಂಟಿನದು ಒಂದು. ಮನೆಯಲ್ಲಿ ಅವ್ವ, ಹೆಂಡತಿ. ಅಂಗಳದಲ್ಲಿ ಒಂದು ನಳ, ಒಂದು ತೊಟ್ಟಿ, ಒಂದು ಕಲ್ಲು.