ಬೆಣ್ಣೆ ತಿಕ್ಕಿದ ಆಕಾಶದ ಕಲ್ಲು

ಆಕಾಶದಿಂದ ಬಿದ್ದ ಕಲ್ಲು ಹುಡುಕುವುದರಲ್ಲಿ ಯಮ್ನಾಳನ್ನು ಮೀರಿಸುವವರು ಮೊರಾಕೊದ ಝಗೋರಾ ಕಡೆಯ ಮರಳುಗಾಡಿನಲ್ಲಿ ಯಾರೂ ಇರಲಿಲ್ಲ. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ಮೇಕೆಗಳ ಹಿಂದೆ ಮೂವತ್ತು ವರ್ಷ ನಡೆದವಳು ಅವಳು. ಕಲ್ಲು ಕೊಳ್ಳುವ ಬೂಜಮಾನನ್ನು ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ. ಕಲ್ಲು ಕಪ್ಪಗೆ ಹೊಳೆಯದಿದ್ದರೆ ಅವನು ಕಾಲಲ್ಲಿ ಒದ್ದು ನಗುತ್ತಿದ್ದ. ಅದಕ್ಕೇ ಅವಳು ಸಿಕ್ಕ ಕಲ್ಲಿಗೆಲ್ಲ ಮೇಕೆಬೆಣ್ಣೆ ತಿಕ್ಕಿ, ಮಿರಮಿರ ಮಿರುಗಿಸಿ ಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಬೂಜಮಾ ಆಕಾಶದ ಕಲ್ಲುಗಳನ್ನು ಪರೀಕ್ಷಿಸುವ ರಾಜಧಾನಿಯ ಪಂಡಿತನೊಬ್ಬನನ್ನು ಅವಳ ಡೇರೆಗೆ ಕರೆತಂದ. ಹೋದ ತಿಂಗಳು ಅವಳು ಮಾರಿದ ಕಲ್ಲು ಪಂಡಿತನ ಕೈಯಲ್ಲಿತ್ತು.

"ಇದು ಮಂಗಳ ಗ್ರಹದಿಂದ ಬಂದಿದ್ದಮ್ಮಾ. ಬಿರುಕಿನೊಳಗೆ ಜಿಡ್ಡಿದೆ, ಅದು ಜೀವದ ಗುರುತು! ಇಂಥ ಕಲ್ಲಲ್ಲೇ ಜೀವ ಭೂಮಿಗೆ ಬಂದಿದ್ದು. ನೀನು, ನಾನು, ನಿನ್ನ ಮೇಕೆ, ಎಲ್ರೂ ಇದರ ಮಕ್ಕಳೇ," ಎಂದ ಪಂಡಿತ.

ಯಮ್ನಾ ಕಲ್ಲನ್ನು ಮೂಸಿ ನೋಡಿದಳು. "ಜಿಡ್ಡು ನನ್ನ ಮೇಕೇದಪ್ಪಾ. ನಾನೇ ಬೆಣ್ಣೆ ತಿಕ್ಕಿದ್ದು. ಈ ಬೂಜಮಾನ ಕಣ್ಣಿಗೆ ಹೊಳೆದ್ರೇನೇ ಕಲ್ಲು."

ಪಂಡಿತನ ಮುಖ ಕೆಂಪೇರಿತು. "ಥೂ! ನಿನ್ನ ಹೊಲಸು ಕೈ ಸೋಕಿಸಿ ಎಲ್ಲಾ ಹಾಳು ಮಾಡ್ಬಿಟ್ಯಲ್ಲೇ ಮುದುಕಿ!"

ಬೂಜಮಾ ಮೆಲ್ಲಗೆ ಹಿಂದೆ ಸರಿದ. ಯಮ್ನಾ ಪಂಡಿತನ ಮುಂದಿಟ್ಟಿದ್ದ ಪುದೀನ ಚಹಾದ ಲೋಟವನ್ನೆತ್ತಿ ಮರಳಿಗೆ ಚೆಲ್ಲಿದಳು.

"ಈಗ ತಾನೇ ನಾವೆಲ್ಲಾ ಈ ಕಲ್ಲಿನ ಮಕ್ಕಳು ಅಂದ್ಯಲ್ಲೋ. ಮಗಳು ಮುಟ್ಟಿದ್ರೆ ಹೆತ್ತ ತಾಯಿ ಹೊಲಸಾಗ್ತಾಳೇನೋ?"