ಎಡಗೈ ಎಸೆತಗಾರ ಮೇಲೆ ಬಂದ ದಿನ

ಕೊಲ್ಲಿ ನಾಡಿನ ಅಬು ಹಲೀಫಾದಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಂಗಳೂರಿನ ಗೆಳೆಯನಿಗೆ ಅಮೆರಿಕನ್ ಸೂಪರ್‌ವೈಸರನಿಂದ ಬೇಸ್‌ಬಾಲ್ ಹುಚ್ಚು ಅಂಟಿತ್ತು. ಅದೂ ದೊಡ್ಡ ತಂಡದ್ದಲ್ಲ, ಅದರ ಕೆಳಗಿನ ತಂಡಗಳಲ್ಲಿ ಪಳಗುತ್ತಿದ್ದ ಒಬ್ಬ ಎಡಗೈ ಎಸೆತಗಾರನ ಹುಚ್ಚು. ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಒಂದೊಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾಮೆಂಟರಿ ಕೇಳುತ್ತಿದ್ದೆವು. ಆ ಆಟಗಾರನ ಮೊಣಕೈ ಆಪರೇಷನ್ ಆದಾಗ ನಾನು, "ಮುಗೀತ್ ಬಿಡೋ ಇವನ ಕತಿ" ಅಂದಿದ್ದೆ. "ಮೇಲೆ ಬರ್ತಾನೆ ಮಾರಾಯ, ನೋಡ್ತಾ ಇರು" ಅಂದಿದ್ದ ಗೆಳೆಯ.

ನೋಡಲು ಅವನೇ ಉಳಿಯಲಿಲ್ಲ. ಹೋದ ಚಳಿಗಾಲ ಡ್ಯೂಟಿಯಲ್ಲೇ ಎದೆ ಹಿಡಿದುಕೊಂಡು ಕುಸಿದ.

ಇವತ್ತು ಆ ಹಾಳು ಎಸೆತಗಾರ ದೊಡ್ಡ ತಂಡಕ್ಕೆ ಆಡಿದ. ರೂಢಿಯಂತೆ ಇಯರ್‌ಫೋನಿನ ಇನ್ನೊಂದು ತುದಿಯನ್ನು ಪಕ್ಕಕ್ಕೆ ಚಾಚಿದೆ. ಅಲ್ಲಿ ಕೂತಿದ್ದ ಹೊಸಬ ಕಿವಿಗಿಟ್ಟುಕೊಂಡು, "ಕ್ರಿಕೆಟ್ ಹೈ ಕ್ಯಾ, ಭಾಯಿ?" ಎಂದ.

ಹೌದೆಂದೆ.